ಹದಿಮೂರನೇ ಕ್ಯಾಸೆಟ್

ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬಂದಿತ್ತು. ಫೋಟೊದಲ್ಲಿ ಸಮರ್ಥ್ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಹನ್ನೆರಡು ಕ್ಯಾಸೆಟ್‌ಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿಕೊಂಡು ನಗುತ್ತಿದ್ದ. ಕೆಳಗೆ ಅವನದೇ ಮಾತು: 'ಎರ್ರಗಡ್ಡದ ಭಾನುವಾರದ ಗುಜರಿ ಸಂತೆಯಲ್ಲಿ, ಹಳೆಯ ಗಜಲ್ ಕ್ಯಾಸೆಟ್‌ಗಳ ರಾಶಿಯಡಿ ಈ ನಿಧಿ ನನಗೆ ಸಿಕ್ಕಿತು. ಹಾಡಿದ ಹುಡುಗ ತೀರಿಕೊಂಡಿದ್ದಾನೆ. ರೆಕಾರ್ಡ್ ಮಾಡಿದವರು ಯಾರೋ, ಗೊತ್ತಿಲ್ಲ.'

ಆ 'ಯಾರೋ' ಸಿಕಂದರಾಬಾದ್ ಹತ್ತಿರದ ಕುಷಾಯಿಗೂಡದ ಇರಾನಿ ಹೋಟೆಲಿನಲ್ಲಿ ಕೂತು ಇದನ್ನು ಮೂರು ಸಲ ಓದಿದ. ಅವನ ಹೆಸರು ಮೌನಪ್ಪ. ಎದುರಿಗಿದ್ದ ಚಹಾ ಆರಿ ಕೆನೆಗಟ್ಟಿತು. ಅವನಿಗೆ ಮೊದಲು ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ತನ್ನ ಮನೆಯ ಬಾಗಿಲಲ್ಲೇ ನಿಂತು 'ನೀವು ಯಾರು, ಯಾರು ಬೇಕಾಗಿತ್ತು' ಎಂದು ಕೇಳಿಸಿಕೊಂಡವನಿಗೆ ಆಗುವಂಥ ನಾಚಿಕೆ.

ಹತ್ತು ವರ್ಷದ ಹಿಂದೆ ಅವನು ನಾಚಾರಂನ ಒಂದು ಶೆಡ್ಡಿನಲ್ಲಿ ಕ್ಯಾಸೆಟ್ ನಕಲು ಮಾಡುವ ಮಶೀನು ನೋಡಿಕೊಳ್ಳುತ್ತಿದ್ದ. ಭಕ್ತಿಗೀತೆ, ಸಿನಿಮಾ ಹಾಡು, ಉಪನ್ಯಾಸ, ಏನು ಬಂದರೂ ಒಂದಕ್ಕೆ ನೂರು ಮಾಡಿ ಕಳಿಸುವ ಕೆಲಸ. ಪಕ್ಕದ ಶೆಡ್ಡಿನಲ್ಲಿ ಹನುಮಂತರಾಯ ಕಬ್ಬಿಣ ಕಡೆಯುವ ಲೇಥ್ ಮಶೀನಿನ ಮುಂದೆ ನಿಲ್ಲುತ್ತಿದ್ದ. ಇಬ್ಬರ ಅಪ್ಪಂದಿರೂ ರಾಯಚೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಹೋಟೆಲಿನ ಟಿವಿಯಲ್ಲಿ ಅಮೆರಿಕದ ಹುಡುಗರು ತಾಳಕ್ಕೆ ಮಾತು ಹೆಣೆಯುವುದನ್ನು ನೋಡಿದ ಹನುಮಂತರಾಯ, ಕಬ್ಬಿಣದ ಚೂರು ತುಂಬುವ ತಗಡಿನ ಟ್ರೇಯನ್ನು ಬೋರಲು ಹಾಕಿ ಬಡಿಯುತ್ತ ಶುರು ಹಚ್ಚಿದ. ಕನ್ನಡ, ದಖನಿ, ತೆಲುಗು ಮೂರೂ ಅವನ ಬಾಯಲ್ಲಿ ಒಂದೇ ಭಾಷೆಯಾಗಿ ಬರುತ್ತಿದ್ದವು.

'ಶಿಫ್ಟ್ ಮುಗದೈತಿ, ಬೆರಳ್ ಉಳದೈತಿ,
ಬೋಲೋ ಸಾಬ್, ಇದು ಯಾರ್ ಪುಣ್ಯೈತಿ?'

ಅವನ ಅಪ್ಪನಿಗೆ ಎರಡು ಬೆರಳು ಉಳಿದಿರಲಿಲ್ಲ. ಹೀಗಾಗಿ ಅದನ್ನು ಕೇಳಿದ ಕಾರ್ಮಿಕರು ನಕ್ಕು, ಆಮೇಲೆ ನಗು ನಿಲ್ಲಿಸುತ್ತಿದ್ದರು. ಭಾನುವಾರ ಲೇಥುಗಳೆಲ್ಲ ಬಂದಾದ ಮೇಲೆ ಮೌನಪ್ಪ ಅವನನ್ನು ರೆಕಾರ್ಡ್ ಮಾಡುತ್ತಿದ್ದ. ನಾಲ್ಕು ವರ್ಷದಲ್ಲಿ ಹನ್ನೆರಡು ಕ್ಯಾಸೆಟ್. ಅವುಗಳ ನಕಲು ಪಟಾನ್‌ಚೆರುವಿನ ಬಸ್ಸುಗಳಲ್ಲಿ, ಪಾನ್ ಅಂಗಡಿಗಳಲ್ಲಿ, ಬೀದರಿನ ತನಕ ಕೈಯಿಂದ ಕೈಗೆ ಓಡಾಡಿದವು. ಅಂಗಡಿಯಲ್ಲಿ ಯಾವತ್ತೂ ಮಾರಲಿಲ್ಲ. ಹಾಡುಗಾರನನ್ನು ಜನ 'ಲೇಥ್' ಎಂದು ಕರೆದರು, ಮೌನಪ್ಪನಿಗೆ ಮಾತ್ರ ಅವನು ಹಣಮ್ಯಾ. ೨೦೦೧ರಲ್ಲಿ ಅವನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಸೇರಿದ. ಮೂರನೇ ತಿಂಗಳು ಬಸ್ಸು ಮಗುಚಿ ಸತ್ತುಹೋದ.

ಮೂಲ ಕ್ಯಾಸೆಟ್‌ಗಳನ್ನು ಮೌನಪ್ಪ ಬೇವಿನೆಲೆ ಹಾಕಿದ ಟ್ರಂಕಿನಲ್ಲಿ ಇಟ್ಟುಕೊಂಡ. ಟೇಪು ಒಂದಕ್ಕೊಂದು ಅಂಟಬಾರದೆಂದು ಆರು ತಿಂಗಳಿಗೊಮ್ಮೆ ಮುಂದಕ್ಕೂ ಹಿಂದಕ್ಕೂ ಸುತ್ತಿ ಇಡುತ್ತಿದ್ದ. ನಕಲುಗಳು ಒಂದೊಂದಾಗಿ ಸವೆದು, ಹರಿದು ಹೋದವು. ಕ್ಯಾಸೆಟ್ ಕಾಲವೇ ಮುಗಿಯಿತು, ನಾಚಾರಂನ ನಕಲು ಘಟಕ ಮುಚ್ಚಿತು, ಅವನು ಮಾಧಾಪುರದ ಗಾಜಿನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಕಾಲ್‌ಸೆಂಟರಿನ ಕರೆಗಳನ್ನು ಕೇಳಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದ. ಕಿವಿಯೇ ಅವನ ಅನ್ನ.

ಸಮರ್ಥ್ ಅದೇ ಕಟ್ಟಡದ ಏಳನೇ ಮಹಡಿಯ ಸಾಫ್ಟ್‌ವೇರ್ ಹುಡುಗ, ಮೈಸೂರಿನವನು. ಕ್ಯಾಂಟೀನಿನ ಸಾಲಿನಲ್ಲಿ ಮೌನಪ್ಪ ಗುನುಗಿದ ಎರಡು ಸಾಲು ಕೇಳಿ ಬೆನ್ನು ಹತ್ತಿದ. ಟ್ರಂಕಿನ ಮುಂದೆ ಕೂತಾಗ ಕೈಯನ್ನು ಅಂಗಿಗೆ ಒರೆಸಿಕೊಂಡೇ ಕ್ಯಾಸೆಟ್ ಮುಟ್ಟಿದ. ಅದು ನಾಟಕವಲ್ಲ. ಹನ್ನೆರಡನ್ನೂ ಕೇಳಿ ಪಡೆದು ತನ್ನ ಮನೆಗೆ ಒಯ್ದು, ಒಂದೊಂದು ಕ್ಯಾಸೆಟ್ಟನ್ನೂ ಪೂರ್ತಿ ಓಡಿಸಿ ಕಂಪ್ಯೂಟರಿಗೆ ಇಳಿಸಿದ. ಏಳನೆಯದನ್ನು ಕೇಳುವಾಗ ಮೌನಪ್ಪನ ಜೊತೆ ಅತ್ತ. 'ಗುಜರಿ ಟೇಪ್ಸ್' ಎಂಬ ವೆಬ್‌ಸೈಟು ಮಾಡಿ ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಪುಕ್ಕಟೆ ಹಾಕಿದ. ಆಗ ಮೌನಪ್ಪನಿಗೆ ಅನಿಸಿತ್ತು, ಹಣಮ್ಯಾ ಇನ್ನು ಸಾಯುವುದಿಲ್ಲ ಎಂದು. ಕಳ್ಳ ಕದ್ದರೆ ಬಾಗಿಲು ಭದ್ರ ಮಾಡಿಕೊಳ್ಳಬಹುದು. ಒಟ್ಟಿಗೆ ಅತ್ತವನು ಕದ್ದರೆ ಏನು ಮಾಡುವುದು?

ಪುರವಣಿ ಬಂದ ಮರುದಿನ ಕ್ಯಾಂಟೀನಿನಲ್ಲಿ ಸಮರ್ಥ್ ತಾನೇ ಬಂದು ಕೂತ.

"ಬೇಜಾರ್ ಮಾಡ್ಕೋಬೇಡಿ ಮೌನಪ್ಪ ಅವ್ರೇ. ಪೇಪರ್‌ನೋರಿಗೆ ಒಂದ್ ಕಥೆ ಬೇಕಿತ್ತು ಕಣ್ರಿ. 'ಆಫೀಸಲ್ಲಿ ಪರಿಚಯದವ್ರು ಕೊಟ್ರು' ಅಂದ್ರೆ ಯಾರ್ ಓದ್ತಾರೆ? ಮುಂದಿನ್ ಸಲ ನಿಮ್ಮ ಹೆಸ್ರು ಹಾಕ್ಸೋಣ."

"ಮತ್ತ ನನ್ನ ಕ್ಯಾಸೆಟ್ ರೀ?"

"ಇರ್ಲಿ ಬಿಡಿ, ನನ್ನತ್ರನೇ ಸೇಫಾಗಿರುತ್ತೆ. ಮನೇಲಿ ಎಸಿ ಇದೆ."

ಮುಂದಿನ ಸಲ ಬಂತು, ಅದರ ಮುಂದಿನದೂ ಬಂತು. ಮೌನಪ್ಪನ ಹೆಸರು ಬರಲಿಲ್ಲ. ಮೂರನೇ ಸಂದರ್ಶನದ ಹೊತ್ತಿಗೆ ಇಲ್ಲದ ಗುಜರಿ ಅಂಗಡಿಯವನಿಗೆ ಬಿಳಿ ಗಡ್ಡವೂ ಬಂದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಮೌನಪ್ಪನ ಹತ್ತು ವರ್ಷಕ್ಕೆ ಒಂದು ಸುಳ್ಳು ಸಾಕಾಯಿತು. ಅವನ ಬಳಿ ರಸೀದಿ ಇರಲಿಲ್ಲ, ಕಾಗದ ಇರಲಿಲ್ಲ. ಕ್ಯಾಸೆಟ್‌ಗಳ ಮೇಲೆ ಅವನ ಅಕ್ಷರವೂ ಇರಲಿಲ್ಲ. ಘಟಕದ ನಂಬರ್ ಮುದ್ರೆ ಒತ್ತಿ, ಒಂದರಿಂದ ಹನ್ನೆರಡು ಅಂತ ಗುರುತು ಮಾಡಿದ್ದ, ಅಷ್ಟೇ. ಈಗ ಲಂಡನ್ನಿನ ಕಂಪನಿಯೊಂದು ಅವುಗಳನ್ನು ಸಿಡಿ ಮಾಡಲು ಸಮರ್ಥನ ಜೊತೆ ಕರಾರು ಮಾಡಿಕೊಂಡಿತ್ತು. ಸಿಡಿ ಒಮ್ಮೆ ಅಚ್ಚಾದರೆ ಮೌನಪ್ಪ ಶಾಶ್ವತವಾಗಿ 'ಯಾರೋ' ಆಗಿಬಿಡುತ್ತಾನೆ.

ಉಪಾಯ ಹೊಳೆದದ್ದು ಆಫೀಸಿನಲ್ಲಿ, ಯಾವುದೋ ಗಿರಾಕಿ ಬೈಯುವುದನ್ನು ಕೇಳುತ್ತ ಕೂತಾಗ. ಗುಜರಿಯಲ್ಲಿ ಸಿಕ್ಕಿತು ಅನ್ನುತ್ತಾನಲ್ಲ, ಹಾಗಾದರೆ ಸಿಗಲಿ. ಹದಿಮೂರನೆಯದೊಂದು ಸಿಗಲಿ. ಅವನು ಅದನ್ನು ಎತ್ತಿಕೊಂಡು ಊರಿಗೆಲ್ಲ ಸಾರಲಿ. ಆಮೇಲೆ ಅದು ಖೋಟಾ ಎಂದು ಗೊತ್ತಾಗಲಿ. ಅವನ ಬಾಯಿಂದ ಬಂದದ್ದನ್ನೆಲ್ಲ ಜನ ಅನುಮಾನಿಸತೊಡಗಿದಾಗ, ಗುಜರಿ ಕಥೆಯೂ ಕುಸಿದು ಬಿದ್ದಾಗ, ಮೂಲೆಯಲ್ಲಿ ಕೂತ ಒಬ್ಬ ಮನುಷ್ಯ ಎದ್ದು 'ಹನ್ನೆರಡು ನನ್ನವು' ಅನ್ನುತ್ತಾನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಮೌನಪ್ಪ ಆ ದಿನ ಕರೆಗಳಲ್ಲಿ ಒಂದು ತಪ್ಪನ್ನೂ ಹಿಡಿಯಲಿಲ್ಲ.

ಅವನು ಅವಸರ ಮಾಡಲಿಲ್ಲ. ನಾಚಾರಂನ ಹಳೆಯ ಶೆಡ್ಡು ಈಗ ರಟ್ಟಿನ ಡಬ್ಬಿಗಳ ಗೋದಾಮಾಗಿತ್ತು. ಮಾಲೀಕ ಅವನ ಹಳೆಯ ಸಾಮಾನಿಗೆ ಒಂದು ಮೂಲೆ ಬಿಟ್ಟುಕೊಟ್ಟು ಬೀಗದ ಕೈಯನ್ನೂ ಕೊಟ್ಟಿದ್ದ. ಅಲ್ಲಿ ಅದೇ ರೆಕಾರ್ಡರ್ ಇತ್ತು, ಅದೇ ಮೈಕು ಇತ್ತು, ಆ ಕಾಲದ ಏಳು ಖಾಲಿ ಕ್ಯಾಸೆಟ್ ಇದ್ದವು. ನಂಬರ್ ಮುದ್ರೆಯ ರಬ್ಬರು ಒಣಗಿತ್ತು, ಎಣ್ಣೆ ಸವರಿದ ಮೇಲೆ ಮೆದುವಾಯಿತು. ಹಾಡಬೇಕಾದ ಮಾತುಗಳೂ ಅವನ ಬಳಿಯೇ ಇದ್ದವು. ಹಣಮ್ಯಾ ಸಾಯುವ ಮುಂಚೆ ಶೆಡ್ಡಿನಲ್ಲಿ ದಿನದ ಕೆಲಸ ಗುರುತು ಹಾಕುವ ಜಾಬ್ ಕಾರ್ಡುಗಳ ಬೆನ್ನಿಗೆ ಬರೆದಿಟ್ಟು ಹಾಡದೇ ಹೋದ ಒಂದು ಪದ. ಮಾತು ಅವನವೇ ಆದ್ದರಿಂದ ಇದು ಪೂರ್ತಿ ಸುಳ್ಳಲ್ಲ ಎಂದು ಮೌನಪ್ಪ ತನಗೆ ತಾನೇ ಹೇಳಿಕೊಂಡ. ಎರಡು ಸಲ ಹೇಳಿಕೊಳ್ಳಬೇಕಾಯಿತು.

ಉಳಿದದ್ದು ದನಿ. ಹಣಮ್ಯಾನ ದನಿಯಲ್ಲಿ ಲೇಥಿನ ಎಣ್ಣೆಹೊಗೆ ಕೂತಿತ್ತು. ಸಾಲಿನ ಕೊನೆಯ ಅಕ್ಷರವನ್ನು ಅರ್ಧ ನುಂಗುತ್ತಿದ್ದ, ಉಸಿರನ್ನು ಮೂಗಿನಿಂದ ಎಳೆಯುತ್ತಿದ್ದ. ಕುಷಾಯಿಗೂಡದಿಂದ ಮಾಧಾಪುರಕ್ಕೆ ಸ್ಕೂಟರಿನಲ್ಲಿ ಒಂದು ತಾಸಿನ ಮೇಲೆ ದಾರಿ. ನಾಲ್ಕು ತಿಂಗಳು ಮೌನಪ್ಪ ಹೆಲ್ಮೆಟ್ಟಿನೊಳಗೆ ಸತ್ತ ಗೆಳೆಯನಾಗಿ ಹಾಡುತ್ತ ಹೋದ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ಇಣುಕಿ ನೋಡುತ್ತಿದ್ದರು. ಒಂದು ದಿನ ತಾರ್ನಾಕಾದ ತಿರುವಿನಲ್ಲಿ ದನಿ ತಾನಾಗಿಯೇ ಬಂದುಬಿಟ್ಟಿತು. ಅವನು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಸ್ವಲ್ಪ ಹೊತ್ತು ಫುಟ್‌ಪಾತಿನ ಮೇಲೆ ಕೂತ. ಕಣ್ಣಲ್ಲಿ ನೀರಿತ್ತು, ಆದರೂ ಅವನು ಹಿಂದೆ ಸರಿಯಲಿಲ್ಲ.

ಖೋಟಾ ಎಂದು ಸಾಬೀತು ಮಾಡುವ ಕುರುಹನ್ನು ತಾನೇ ಬಿಡಬೇಕಿತ್ತು. ಅದಕ್ಕೆ ಮೊಬೈಲು ಸಾಕಾಯಿತು. ಸ್ಪೀಕರಿನ ಹತ್ತಿರ ಮೊಬೈಲು ಇಟ್ಟರೆ, ಕರೆ ಬರುವ ಮುಂಚೆ ಟಿಟಿಟಿಕ್ ಟಿಟಿಟಿಕ್ ಎಂಬ ಸದ್ದು ಬರುತ್ತದಲ್ಲ, ಅದು ಮೈಕಿನ ತಂತಿಯಲ್ಲೂ ಬರುತ್ತದೆ. ಹದಿಮೂರನೆಯ ಕ್ಯಾಸೆಟ್ ೨೦೦೦ದ್ದು ಎಂದು ಹಾಡಿನ ಮಾತೇ ಹೇಳುತ್ತಿತ್ತು. ಆಗ ಲೇಥ್ ಹುಡುಗನ ಶೆಡ್ಡಿನಲ್ಲಿ ಮೊಬೈಲು ಎಲ್ಲಿಂದ ಬರಬೇಕು? ಸಮರ್ಥನ ಮೇಜಿನ ಮೇಲೆ ಎರಡು ಮೊಬೈಲು ಇರುತ್ತಿದ್ದವು. ದಿನವಿಡೀ ಆ ಸದ್ದು ಕೇಳಿ ಕೇಳಿ ಅವನ ಕಿವಿಗೆ ಅದು ಬೀಳುವುದೇ ಇಲ್ಲ. ಮನುಷ್ಯ ತನಗೆ ರೂಢಿಯಾದದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಹತ್ತು ವರ್ಷ ಕಿವಿಯಿಂದ ಉಂಡ ಮೌನಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ, ಸುತ್ತಲಿನ ಕಾರ್ಖಾನೆಗಳೆಲ್ಲ ಸುಮ್ಮನಿದ್ದಾಗ, ಅವನು ಶೆಡ್ಡಿನ ಬಾಗಿಲು ಹಾಕಿಕೊಂಡ. ಕೈಗೆ ತೆಳು ಗ್ಲೌಸು. ತಗಡಿನ ಟ್ರೇ ತೊಡೆಯ ಮೇಲೆ. ಬೇರೊಂದು ಮೊಬೈಲಿನಿಂದ ತನ್ನ ಮೊಬೈಲಿಗೆ ಕರೆ ಮಾಡುವ ಕ್ಷಣವನ್ನೂ ಗುರುತು ಹಾಕಿಕೊಂಡಿದ್ದ. ರೆಕಾರ್ಡರಿನ ಎರಡು ಗುಂಡಿ ಒಟ್ಟಿಗೆ ಒತ್ತಿದ, ಟೇಪು ಓಡತೊಡಗಿತು, ಎಂದಿನಂತೆ ಕೆಲಸ ಶುರುವಾಯಿತು. ಹಣಮ್ಯಾನ ಹಾಗೆ ಕಣ್ಣು ಮುಚ್ಚಿಕೊಂಡು ಹಾಡಿದ. ಒಂದೇ ಸಲಕ್ಕೆ ಸರಿಯಾಯಿತು. ಆಮೇಲೆ ತಾಳದಿಂದ ಹಿಡಿದು ಕೊನೆಯವರೆಗೆ ಹತ್ತಾರು ಸಲ ಕೇಳಿದ. ದನಿಯಲ್ಲಿ ಬಿರುಕಿಲ್ಲ, ಉಸಿರಿನಲ್ಲಿ ತಪ್ಪಿಲ್ಲ, ಮೂರನೇ ನಿಮಿಷದಲ್ಲಿ ಟಿಟಿಟಿಕ್ ತೆಳ್ಳಗೆ ಇತ್ತು. ನಂಬರ್ ಮುದ್ರೆಯಿಂದ ಹದಿಮೂರು ಒತ್ತಿದ.

ಅದೇ ದಿನ ರೆಕಾರ್ಡರನ್ನು ಬಿಚ್ಚಿ ತುಂಡು ಮಾಡಿದ. ಹತ್ತು ವರ್ಷ ಹತ್ತಿಗೆ ಸ್ಪಿರಿಟ್ಟು ಹಚ್ಚಿ ಒರೆಸಿದ ಕೈಯೇ ಸುತ್ತಿಗೆ ಹಿಡಿಯಿತು. ಮೈಕು, ಮುದ್ರೆ, ಉಳಿದ ಖಾಲಿ ಕ್ಯಾಸೆಟ್ಟು, ಜಾಬ್ ಕಾರ್ಡು, ಗ್ಲೌಸು ಯಾವುದನ್ನೂ ಉಳಿಸಲಿಲ್ಲ. ಇನ್ನು ಜಗತ್ತಿನಲ್ಲಿ ಆ ಕ್ಯಾಸೆಟ್ಟಿಗೂ ತನಗೂ ಯಾವ ಗಂಟೂ ಇಲ್ಲ ಎಂದು ಲೆಕ್ಕ ಹಾಕಿ ಮನೆಗೆ ಹೋಗಿ ಊಟ ಮಾಡಿ ಮಲಗಿದ.

ಸಮರ್ಥ್ ಪ್ರತಿ ಭಾನುವಾರ ಹನ್ನೊಂದರ ಸುಮಾರಿಗೆ ಎರ್ರಗಡ್ಡಕ್ಕೆ ಬರುತ್ತಿದ್ದ. ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಲು ಹೊರಟವನ ಹಾಗೆ, ಈಗ ನಿಜಕ್ಕೂ ಗುಜರಿ ಕೆದರುತ್ತಿದ್ದ. ಮುಂದಿನ ವಾರ ಮೌನಪ್ಪ ಹತ್ತೂವರೆಗೇ ಹೋಗಿ, ಹಾಡಿನ ಕ್ಯಾಸೆಟ್ಟುಗಳ ರಾಶಿ ಕೆದರುವವನ ಹಾಗೆ ಬಗ್ಗಿ, ಹದಿಮೂರನೆಯದನ್ನು ಮಧ್ಯದಲ್ಲಿ ತೂರಿಸಿ, ರಸ್ತೆಯಾಚೆ ಚಹಾ ಹಿಡಿದು ನಿಂತ. ಸಮರ್ಥ್ ಅದನ್ನು ಎತ್ತಿ, ಮುದ್ರೆ ನೋಡಿ, ನಿಂತಲ್ಲೇ ಕೂತುಬಿಟ್ಟ. ಎದೆಗೆ ಒತ್ತಿಕೊಂಡ. ಅವನ ಮುಖದ ಮೇಲಿನ ಖುಷಿ ಎಷ್ಟು ನಿಜವಾಗಿತ್ತೆಂದರೆ ಮೌನಪ್ಪ ಆಚೆ ತಿರುಗಿದ.

ಹದಿನೈದು ದಿನದೊಳಗೆ ಅದು ವೆಬ್‌ಸೈಟಿಗೆ ಬಂತು. ಉಳಿದವುಗಳ ಹಾಗೆಯೇ ಶುದ್ಧ ಮಾಡಿ, ತಾಳ ಬೀಳುವಲ್ಲಿಂದ ಶುರುವಾಗುವಂತೆ ಕತ್ತರಿಸಿ ಹಾಕಿದ್ದ. ದುಬೈ, ಲಂಡನ್, ಟೊರೊಂಟೊದಿಂದೆಲ್ಲ ಜನ ಬರೆದರು. ಕಂಪನಿ ಸಿಡಿಯ ಹೆಸರನ್ನೇ ಬದಲಿಸಿ 'ಹದಿಮೂರು' ಎಂದಿಟ್ಟಿತು. ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು. ಅಂದುಕೊಂಡಿರದ ಒಂದೇ ಸಂಗತಿ ಭವಾನವ್ವ.

ಭವಾನವ್ವ ಹನುಮಂತರಾಯನ ತಾಯಿ. ಕುಷಾಯಿಗೂಡದಲ್ಲೇ ಇದ್ದಳು. ಮೌನಪ್ಪ ತಿಂಗಳಿಗೊಮ್ಮೆ ಬಾಳೆಹಣ್ಣು ಹಿಡಿದು ಹೋಗಿ ಕೂತು ಬರುತ್ತಿದ್ದ. ಆ ಸಲ ಹೋದಾಗ ಅವಳು ಹಳೆಯ ಟೇಪ್‌ರೆಕಾರ್ಡರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಬಾ ಮೌನ್ಯಾ, ಕುಂದ್ರು. ಹೊಸಾದು ಸಿಕ್ಕೈತಿ ನೋಡು, ಹಣಮ್ಯಾಂದು. ಆ ಮೈಸೂರ ಹುಡುಗ ನನಗಂತ ಒಂದ ಕ್ಯಾಸೆಟ್ ಮಾಡಿ ತಂದಕೊಟ್ಟಾನ. ಹೆಂಗ ಇತ್ತೋ ಹಂಗ, ಒಂದ ಚೂರೂ ಬಿಟ್ಟಿಲ್ಲಂತ. ಆರ ವರ್ಷಾತು ಯಪ್ಪಾ, ನನ್ನ ಮಗ ನನಗ ಹೊಸಾ ಮಾತ ಆಡಿ."

ಮೌನಪ್ಪ ಬಾಳೆಹಣ್ಣನ್ನು ನೆಲದ ಮೇಲೆ ಇಟ್ಟ. "ಚಲೋ ಆತ ಬಿಡವ್ವ" ಎಂದ.

"ದಿನಾ ಹಾಕ್ತೀನಿ. ಕೇಳಾಕತ್ತರ ಎದ್ದ ಬಂದು ಚಾ ಕೇಳ್ತಾನೇನೋ ಅನಸ್ತೈತಿ. ತಡಿ, ನಿನಗೂ ಮೊದಲಿಂದ ಹಾಕ್ತೀನಿ."

ಅವಳು ರಿವೈಂಡ್ ಗುಂಡಿ ಒತ್ತಿದಳು. ಟೇಪು ಹಿಂದಕ್ಕೆ ಸುತ್ತಿಕೊಳ್ಳುತ್ತಿರುವಾಗಲೇ ಅವನು ಕೆಲಸದ ನೆಪ ಹೇಳಿ ಎದ್ದ. ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಳ್ಳಲು ಎರಡು ಸಲ ತಪ್ಪಿದ. ಸಮರ್ಥನಿಗೆ ಬೀಸಿದ ಕಲ್ಲು ಮೊದಲು ಯಾರ ತಲೆಗೆ ಬೀಳಲಿದೆ ಎಂದು ಅವನಿಗೆ ಆಗ ಕಂಡಿತು. ಇಲ್ಲಿಗೆ ಬಿಟ್ಟರೆ ಏನಾಗುತ್ತದೆ? ಮುದುಕಿಗೆ ಮಗನ ದನಿ ಉಳಿಯುತ್ತದೆ. ಸಮರ್ಥನಿಗೆ ಹೆಸರು ಉಳಿಯುತ್ತದೆ. ನನಗೆ? ಎರಡು ದಿನ ಅವನು, ಖೋಟಾ ಬಯಲು ಮಾಡಲೆಂದು ಟೈಪು ಮಾಡಿಟ್ಟಿದ್ದ ಹೆಸರಿಲ್ಲದ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ. ಮೂರನೇ ದಿನ ಸಮರ್ಥ್ ಕ್ಯಾಂಟೀನಿನಲ್ಲಿ ಸಿಡಿಯ ಹೊದಿಕೆಯ ಮಾದರಿ ತೋರಿಸಿದ. ಶೋಧ, ಸಂಗ್ರಹ, ಸಂರಕ್ಷಣೆ: ಸಮರ್ಥ್. ಹೆಂಗಿದೆ ಹೇಳಿ ಎಂದು ಬೇರೆ ಕೇಳಿದ.

ಅವತ್ತೇ ಸಂಜೆ ಮೌನಪ್ಪ ಸಿಕಂದರಾಬಾದ್ ಸ್ಟೇಷನ್ನಿನ ಡಬ್ಬಕ್ಕೆ ಕಾಗದ ಹಾಕಿದ. ಸಮರ್ಥನ ಬಗ್ಗೆ ಮೊದಲು ಬರೆದ ಪತ್ರಕರ್ತೆ ನಿರೀಕ್ಷಾಳಿಗೆ, ಟೈಪು ಮಾಡಿದ ಎರಡೇ ಸಾಲು: ಮೂರನೇ ನಿಮಿಷವನ್ನು ಹೆಡ್‌ಫೋನಿನಲ್ಲಿ ಕೇಳಿ. ೨೦೦೦ದಲ್ಲಿ ಲೇಥ್ ಕೆಲಸಗಾರನ ಪಕ್ಕ ಮೊಬೈಲು ಇತ್ತೇ?

ಮುಂದಿನದು ಅವನು ಕೈ ಹಾಕದೆಯೇ ನಡೆಯಿತು. ನಿರೀಕ್ಷಾ ಕೇಳಿದಳು, ಕಂಪನಿಯ ಇಂಜಿನಿಯರು ಕೇಳಿದ, ಖೋಟಾ ಎಂದು ಪತ್ರಿಕೆಯಲ್ಲಿ ಬಂತು. ಹದಿಮೂರನೆಯದಷ್ಟೇ ಅಲ್ಲ, ಮೊದಲಿನ ಹನ್ನೆರಡೂ ಖೋಟಾ ಇರಬಹುದು ಎಂದು ಇಂಟರ್‌ನೆಟ್ಟಿನ ಜನ ಬರೆದರು. ಕಂಪನಿ ಸಿಡಿ ನಿಲ್ಲಿಸಿ ವಂಚನೆಯ ದೂರು ಕೊಟ್ಟಿತು. ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಗೋಪಿನಾಥ, ಸಮರ್ಥನ ಪರಿಚಯದವರನ್ನೆಲ್ಲ ಕರೆಸಿದಂತೆ ಮೌನಪ್ಪನನ್ನೂ ಕರೆಸಿದ. ಹನ್ನೆರಡು ಕ್ಯಾಸೆಟ್ ನಾನು ರೆಕಾರ್ಡ್ ಮಾಡಿದವು, ೨೦೦೧ರ ನಂತರ ಏನನ್ನೂ ರೆಕಾರ್ಡ್ ಮಾಡಿಲ್ಲ, ಹದಿಮೂರನೆಯದನ್ನು ಕಣ್ಣಿಂದ ಕೂಡ ಕಂಡಿಲ್ಲ ಎಂದು ಮೌನಪ್ಪ ಬರೆದು ಸಹಿ ಹಾಕಿದ.

ಕೊನೆಯ ಹೆಜ್ಜೆಗೆ ನಿರೀಕ್ಷಾಳೇ ದಾರಿ ಮಾಡಿಕೊಟ್ಟಳು. ಸಮರ್ಥನ ಬಳಿಯಿದ್ದ ಹನ್ನೆರಡು ಮೂಲ ಕ್ಯಾಸೆಟ್‌ಗಳನ್ನು ಎಲ್ಲರ ಮುಂದೆ ಕೇಳಿಸಿ ನಿಜ ಏನೆಂದು ನೋಡೋಣ ಎಂದು ನಾರಾಯಣಗೂಡದ ಸಣ್ಣ ಸಭಾಂಗಣವೊಂದರಲ್ಲಿ ಜನರನ್ನು ಸೇರಿಸಿದಳು. ಬೆಳಿಗ್ಗೆ ಹನ್ನೊಂದಕ್ಕೆ ನಲವತ್ತು ಜನ ಬಂದಿದ್ದರು. ಹಿಂದಿನ ಸಾಲಿನಲ್ಲಿ ಗೋಪಿನಾಥ, ಪಕ್ಕದಲ್ಲಿ ಕಂಪನಿಯ ವಕೀಲ. ಮುಂದಿನ ಸಾಲಿನಲ್ಲಿ ಭವಾನವ್ವ ತನ್ನ ಟೇಪ್‌ರೆಕಾರ್ಡರನ್ನು ಚೀಲದಲ್ಲಿಟ್ಟುಕೊಂಡು ಕೂತಿದ್ದಳು. ಸಮರ್ಥ್ ಗಡ್ಡ ಬಿಟ್ಟಿದ್ದ, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೌನಪ್ಪ ಎದ್ದು ನಿಂತು, ತಯಾರಿ ಮಾಡಿಕೊಂಡಿದ್ದ ಮಾತುಗಳನ್ನು ಹೇಳಿದ. ತಾನು ಮತ್ತು ಹಣಮ್ಯಾ ಶೆಡ್ಡಿನ ಮುಂದೆ ನಿಂತ ಫೋಟೊ ತೋರಿಸಿದ.

ವಕೀಲ ಫೋಟೊ ವಾಪಸು ಕೊಟ್ಟ. ಇದರಿಂದ ಗೆಳೆತನ ಗೊತ್ತಾಗುತ್ತದೆ, ರೆಕಾರ್ಡ್ ಮಾಡಿದ್ದು ಗೊತ್ತಾಗುವುದಿಲ್ಲ ಎಂದ. ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನಿರೀಕ್ಷಾ ಮೊದಲನೇ ಮೂಲ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು. ಟೇಪಿನ ಸುಯ್ಯೆಂಬ ಸದ್ದು, ಆಮೇಲೆ ಯಾರೋ ಗಂಟಲಲ್ಲೇ ಅಂದ ಒಂದು 'ಹ್ಞೂಂ', ಆಮೇಲೆ ತಗಡಿನ ತಾಳ.

"ಒಂದು ನಿಮಿಷ," ಎಂದಳು ಉಡುಪಿ ಕಡೆಯ ನಿರೀಕ್ಷಾ. "ಶುರುವಿಗೆ ಅದೆಂತ ಶಬ್ದ?"

ಮೌನಪ್ಪನ ಮೈ ಜುಮ್ಮೆಂದಿತು. ವೆಬ್‌ಸೈಟಿನಲ್ಲಿ ಕತ್ತರಿಸಿ ಹೋಗಿದ್ದ ಅದನ್ನು ಅವನು ಎರಡು ವರ್ಷದಿಂದ ಕೇಳಿರಲಿಲ್ಲ. ತಯಾರಿ ಮಾಡಿಕೊಂಡ ಮಾತುಗಳಲ್ಲಿ ಉಳಿದದ್ದೆಲ್ಲ ಮರೆತುಹೋಯಿತು.

"ಅದು ನಾನ್ರಿ!" ಎಂದು ಕೂಗಿಬಿಟ್ಟ. "ಹಣಮ್ಯಾ ಕಣ್ಣ ಮುಚ್ಚಿಕೊಂಡ ಹಾಡಾಂವ. ಕೈ ಮಾಡಿ ತೋರಿಸಿದ್ರ ಅವಗ ಕಾಣ್ತಿದ್ದಿಲ್ಲ. ಅದಕ್ಕ ಟೇಪ್ ಓಡಾಕ ಹತ್ತಿದ ಮ್ಯಾಲೆ ನಾ 'ಹ್ಞೂಂ' ಅಂತಿದ್ದೆ. ಅಂದ್ರ, ಲೇ, ಶುರು ಮಾಡು ಅಂತ. ಎಲ್ಲಾದರಾಗೂ ಐತಿ, ಹಾಕಿ ನೋಡ್ರಿ!"

ಮೈಕಿನ ಮುಂದೆ ಅಂದು ತೋರಿಸಿ ಎಂದಳು ನಿರೀಕ್ಷಾ. ಅವನು ಅಂದ. ಎರಡನೆಯ ಕ್ಯಾಸೆಟ್ ಹಾಕಿದರು, ಅದೇ 'ಹ್ಞೂಂ'. ಐದನೆಯದು, ಒಂಬತ್ತನೆಯದು, ಹನ್ನೆರಡನೆಯದು. ಪ್ರತಿಸಲವೂ ಸಭೆ ಉಸಿರು ಹಿಡಿದು ಕಾಯಿತು, ಪ್ರತಿಸಲವೂ ಅದೇ ದನಿ. ಹಿಂದಿನ ಸಾಲಿನ ಹುಡುಗನೊಬ್ಬ ಚಪ್ಪಾಳೆ ತಟ್ಟಿದ, ನಲವತ್ತು ಜನವೂ ತಟ್ಟಿದರು. ಸಮರ್ಥ್ ಎದ್ದು, "ಗುಜರಿ ಕಥೆ ಸುಳ್ಳು. ಇವ್ರೇ ನಂಗೆ ಕೊಟ್ಟಿದ್ದು. ಆ ಸದ್ದು ಗಲೀಜು ಅಂದ್ಕೊಂಡು ನಾನೇ ಕತ್ತರಿಸ್ದೆ. ತಪ್ಪಾಯ್ತು ಮೌನಪ್ಪ ಅವ್ರೇ" ಎಂದು ಎಲ್ಲರ ಮುಂದೆ ಕೈ ಮುಗಿದ. ವಕೀಲನೂ ತಲೆಯಾಡಿಸಿದ. ನಿರೀಕ್ಷಾ ಅವನ ಹೆಸರನ್ನು ಪೂರ್ತಿಯಾಗಿ ಕೇಳಿ ಬರೆದುಕೊಂಡಳು, ಅಪ್ಪನ ಹೆಸರು ಸಮೇತ. ಹತ್ತು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಅವನದಾಯಿತು. ಮೌನಪ್ಪ ಕುರ್ಚಿಯಲ್ಲಿ ಕೂತು ಅಳತೊಡಗಿದ, ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

ಆಗ ಭವಾನವ್ವ ಎದ್ದು ನಿಂತಳು. "ಮತ್ತ ನನ್ನ ಮಗನ ಆ ಹೊಸಾದು ಸುಳ್ಳಂತ ಯಾಕ ಅಂತೀರಿ?" ಎಂದು ಕೇಳಿದಳು. "ಮೌನ್ಯಾನ ದನಿ ಇದ್ದದ್ದ ಖರೇ ಆದ್ರ ಅದೂ ಖರೇನ. ನಾ ದಿನಾ ಕೇಳ್ತೀನಿ." ಚೀಲದಿಂದ ಟೇಪ್‌ರೆಕಾರ್ಡರ್ ತೆಗೆದು, ಯಾರ ಅಪ್ಪಣೆಗೂ ಕಾಯದೆ ಗುಂಡಿ ಒತ್ತಿದಳು. ಸುಯ್ಯೆಂಬ ಸದ್ದು. ಆಮೇಲೆ, ತಾಳಕ್ಕಿಂತ ಮುಂಚೆ, ಒಂದು 'ಹ್ಞೂಂ'. ಮುದುಕಿ ಗೆದ್ದವಳ ಹಾಗೆ ಸುತ್ತ ನೋಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಗೋಪಿನಾಥ ಫೈಲು ತೆರೆದು ಮೌನಪ್ಪನ ಸಹಿ ಇದ್ದ ಹಾಳೆ ಹುಡುಕುತ್ತಿದ್ದ. ಮೌನಪ್ಪ ತನ್ನ ದನಿಯನ್ನು ಕೇಳುತ್ತ ಕೂತ. ಹತ್ತಾರು ಸಲ ತಾಳದಿಂದಲೇ ಕೇಳಿದ್ದವನಿಗೆ ಅದಕ್ಕೂ ಹಿಂದಿನ ಒಂದು ಕ್ಷಣ ಈಗ ಕೇಳಿಸಿತು. ಆ ಭಾನುವಾರ ಬಾಗಿಲು ಹಾಕಿದ ಖಾಲಿ ಶೆಡ್ಡಿನಲ್ಲಿ, ಗುಂಡಿ ಒತ್ತಿ, ಪಕ್ಕದಲ್ಲಿ ಇಲ್ಲದ ಗೆಳೆಯನಿಗೆ ಲೇ, ಶುರು ಮಾಡು ಎಂದು ಅವನೇ ಹೇಳಿದ್ದ.